ತಮ್ಮನ ಪಾಲಿನ ಪೆಟ್ಟು

ಒತಿಲಿಯ ದಿನಾ ಮಧ್ಯಾಹ್ನ ಹಿತ್ತಲಿನ ಗೋಡೆಯ ಮೇಲೆ ಒಂದು ತಟ್ಟೆ ಇಟ್ಟು, ಚಮಚದಿಂದ ಎರಡು ಸಲ ತಟ್ಟುತ್ತಿದ್ದಳು. ಆಚೆಯಿಂದ ಒಂದು ಕೈ ಬಂದು ತಟ್ಟೆಯನ್ನು ಎತ್ತಿಕೊಳ್ಳುತ್ತಿತ್ತು. ಸಂಜೆಯೊಳಗೆ ತೊಳೆದ ತಟ್ಟೆ ಅದೇ ಜಾಗಕ್ಕೆ ಬಂದು ಕೂತಿರುತ್ತಿತ್ತು. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು. ಇದು ಗಂಡನಿಗೆ ಗೊತ್ತೇ ಇಲ್ಲವೆಂಬಂತೆ ಅವಳು ನಡೆದುಕೊಳ್ಳುತ್ತಿದ್ದಳು. ತನಗೆ ಗೊತ್ತೇ ಇಲ್ಲವೆಂಬಂತೆ ಎವರಿಸ್ತೊ ಸರಿಯಾಗಿ ಆ ಹೊತ್ತಿಗೆ ಕುರ್ಚಿ ಎತ್ತಿಕೊಂಡು ಬೀದಿ ಬಾಗಿಲಿಗೆ ಹೋಗಿ ಕೂರುತ್ತಿದ್ದ.

ಮಾರ್ಚ್ ತಿಂಗಳ ಒಂದು ಮಂಗಳವಾರ ತಟ್ಟೆ ಗೋಡೆಯ ಮೇಲೆಯೇ ಉಳಿಯಿತು. ಬಟಾಣಿ ಸಾರಿಗೆ ನೊಣ ಮುತ್ತಿದವು.

"ಎವರಿಸ್ತೊ, ನಿನ್ನ ತಮ್ಮ ತಟ್ಟೆ ತಗೊಂಡಿಲ್ಲ," ಒತಿಲಿಯ ಒಳಗಿನಿಂದಲೇ ಕೂಗಿದಳು.

"ಯಾವ ತಮ್ಮ?"

"ನಿಮ್ಮಮ್ಮ ಹೆತ್ತಳಲ್ಲ, ಆ ತಮ್ಮ. ಸಾಕು ನಿನ್ನ ನಾಟಕ, ಎದ್ದು ಬಾ."

ಮಗ ರೈನೇರಿಯೊ ಕತ್ತಾಳೆ ಹಗ್ಗದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಸೈಕಲ್ ಇಳಿದಿದ್ದ. ಅವನೇ ಗೋಡೆ ಹತ್ತಿ ಆಚೆ ಜಿಗಿದ. ನಿಕಾನೋರ್ ಒಲೆಗೂ ಮಂಚಕ್ಕೂ ನಡುವೆ ನೆಲದ ಮೇಲೆ ಬಿದ್ದಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಬಿದ್ದುಹೋಗಿದ್ದವು. ಕಣ್ಣು ಮಾತ್ರ ತೆರೆದೇ ಇತ್ತು.

ಹತ್ತು ದಿನ ಆಸ್ಪತ್ರೆಯಾಯಿತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಹೇಳಿದ ದಿನ ಊಟದ ಮೇಜಿನಲ್ಲಿ ಜಗಳ ಶುರುವಾಯಿತು. ಮಗಳು ಮಿರೆಲಿಸ್ ಚಿಕಿತ್ಸಾಲಯದಲ್ಲಿ ದಾದಿ. ಗಂಡನನ್ನು ಬಿಟ್ಟು ಬಂದು ತವರಿನಲ್ಲಿದ್ದಳು. ಮನೆಯಲ್ಲಿ ಅವಳ ಮಾತಿಗೆ ಸ್ವಲ್ಪ ತೂಕವಿತ್ತು.

"ಚಿಕ್ಕಪ್ಪನ್ನ ಇಲ್ಲಿಗೇ ಕರ್ಕೊಂಡು ಬರೋದು. ಮುಂದಿನ ಕೋಣೇಲಿ ಮಂಚ ಹಾಕ್ತೀನಿ."

"ಅವನ ಮನೆ ಪಕ್ಕದಲ್ಲೇ ಇದೆಯಲ್ಲ," ಎಂದ ಎವರಿಸ್ತೊ, ಸಿಹಿಗೆಣಸಿನ ಸಿಪ್ಪೆ ಬಿಡಿಸುತ್ತ.

"ನನಗೆ ಎಪ್ಪತ್ತು ತುಂಬ್ತು," ಎಂದಳು ಒತಿಲಿಯ. "ಅವನ ಹೇಲು ಉಚ್ಚೆ ಬಳಿಯೋಕೆ ದಿನಕ್ಕೆ ಹತ್ತು ಸಲ ಗೋಡೆ ಹತ್ತಿ ಇಳೀಲಾ? ಇಲ್ಲಾ ನೀನು ಹತ್ತುತೀಯಾ?"

ಎವರಿಸ್ತೊ ಗೆಣಸು ನುಂಗಿದ, ಮಾತೂ ನುಂಗಿದ. ಮರುದಿನ ನಿಕಾನೋರ್ ಮುಂದಿನ ಕೋಣೆಗೆ ಬಂದ.

ಮತಾನ್ಸಾಸ್ ಊರಿನ ಲಾ ಮರೀನಾ ಕೇರಿಯಲ್ಲಿ ಆ ಮನೆಗೆ ಡೋಲಿನ ಮನೆ ಎಂದೇ ಹೆಸರು. ಹಡಗಿನ ಹೊಟ್ಟೆಯಲ್ಲಿ ಸಂಕೋಲೆ ಹಾಕಿಸಿಕೊಂಡು ಬಂದು ಕಬ್ಬಿನ ಗದ್ದೆಗೆ ಬಿದ್ದ ಮುತ್ತಜ್ಜ, ಆಫ್ರಿಕದ ತನ್ನ ಯೊರುಬಾ ಸೀಮೆಯ ದೇವರುಗಳನ್ನು ಕರೆಯಲೆಂದು ಮರ ಕೊರೆದು ಮಾಡಿದ ಮೂರು ಡೋಲುಗಳು ಹಿಂದಿನ ಕೋಣೆಯ ಗೋಡೆಯಲ್ಲಿ ತೂಗುತ್ತಿದ್ದವು. ಅವುಗಳೊಳಗೆ ದೇವರಿದ್ದಾನೆ. ಅದಕ್ಕೇ ಅವು ನೆಲ ಮುಟ್ಟುವುದಿಲ್ಲ, ಹೆಂಗಸರು ಅವನ್ನು ಮುಟ್ಟುವುದಿಲ್ಲ. ದೊಡ್ಡದಕ್ಕೆ ತಾಯಿ ಎನ್ನುತ್ತಾರೆ. ತಾಯಿ ಕರೆಯುತ್ತಾಳೆ, ನಡುವಿನದು ಉತ್ತರ ಕೊಡುತ್ತದೆ, ಚಿಕ್ಕದು ತಾಳ ಬಿಡದೆ ಹಿಡಿದಿರುತ್ತದೆ. ಎವರಿಸ್ತೊನ ಕೈಯಲ್ಲಿ ತಾಯಿ ಮಾತಾಡಿದರೆ ಕುಂಟನೂ ಎದ್ದು ಕುಣಿಯುತ್ತಾನೆ ಎಂದು ಊರಲ್ಲಿ ಹೇಳುತ್ತಿದ್ದರು. ಹವಾನಾದಿಂದಲೂ ಜನ ಕಲಿಯಲು ಬಂದು ಬಾಗಿಲಲ್ಲಿ ಕಾಯುತ್ತಿದ್ದರು.

ಆ ಮನೆಗೇ ಸೇರಿದ ಬಡಿತವೊಂದಿತ್ತು. ಅದು ಏಳು ಸುತ್ತಿನದು. ಮನೆಯ ಡೋಲಿನವನೊಬ್ಬ ಸತ್ತಾಗ ಅವನನ್ನು ಹಿರಿಯರ ಬಳಿಗೆ ಕಳಿಸಿಕೊಡಲು ಮಾತ್ರ ಬಾರಿಸುವಂಥದ್ದು. ಮುತ್ತಜ್ಜ ಅದನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡಿ ಕೊಟ್ಟಿದ್ದ. ಅಂದಿನಿಂದ ಪ್ರತಿ ತಲೆಮಾರಿನಲ್ಲೂ ಕರೆ ಹಿರಿಯನಿಗೆ, ಉತ್ತರ ಕಿರಿಯನಿಗೆ. ಒಬ್ಬನ ಪಾಲನ್ನು ಇನ್ನೊಬ್ಬ ಕಲಿಯಕೂಡದು. ಅಣ್ಣತಮ್ಮಂದಿರು ಎಷ್ಟೇ ಕಚ್ಚಾಡಿದರೂ ಕೊನೆಗೆ ಒಬ್ಬರಿಗೊಬ್ಬರು ಬೇಕೇಬೇಕಾಗಲಿ ಎಂದು ಮುದುಕ ಹಾಗೆ ಮಾಡಿದ್ದನಂತೆ. ಎವರಿಸ್ತೊ ಮತ್ತು ನಿಕಾನೋರ್ ಅದನ್ನು ಕೊನೆಯ ಸಲ ಬಾರಿಸಿದ್ದು ತಮ್ಮ ಅಪ್ಪ ಸತ್ತಾಗ. ಅದಾಗಿ ಇಪ್ಪತ್ತಾರು ವರ್ಷವಾಗಿತ್ತು.

ಜಗಳವೂ ಆ ಬಡಿತದ್ದೇ. ಹನ್ನೊಂದು ವರ್ಷದ ಹಿಂದೆ ಸಂಗೀತ ಶಾಲೆಯ ಮೇಷ್ಟರೊಬ್ಬರು ಟೇಪು ಹಿಡಿದು ಬಂದು ನಿಕಾನೋರನನ್ನು ಕೂರಿಸಿ ಅವನ ಪಾಲಿನ ಏಳು ಉತ್ತರಗಳನ್ನೂ ಒಂದೇ ಕ್ಯಾಸೆಟ್ಟಿಗೆ ಮುದ್ರಿಸಿ ಅವನ ಬಳಿಯೇ ಬಿಟ್ಟುಹೋಗಿದ್ದರು. "ನನಗೆ ಹೆಂಡ್ತಿ ಮಕ್ಕಳಿಲ್ಲ, ನಾಳೆ ಸತ್ರೆ ಇದೂ ನನ್ನ ಜತೆ ಮಣ್ಣಾಗುತ್ತೆ" ಎನ್ನುವುದು ನಿಕಾನೋರನ ಲೆಕ್ಕ. ಎವರಿಸ್ತೊನಿಗೆ ಅದು ತಿಳಿದದ್ದು ಚಾಂಗೊ ದೇವರ ಹಬ್ಬದ ದಿನ, ಅಂಗಳದ ತುಂಬ ಊರಿನ ಡೋಲಿನವರೆಲ್ಲ ಊಟಕ್ಕೆ ಕೂತಿದ್ದಾಗ. ಅವನು ತಮ್ಮನ ಪೆಟ್ಟಿಗೆಯಿಂದ ಆ ಕ್ಯಾಸೆಟ್ ಹುಡುಕಿ ತಂದು, ರೀಲು ಎಳೆದು, ಕುದಿಯುತ್ತಿದ್ದ ಹಂದಿ ಮಾಂಸದ ಪಾತ್ರೆಯ ಕೆಳಗೆ ಉರಿಗೆ ಹಾಕಿದ. "ಸತ್ತೋರನ್ನ ಮಾರೋ ಕಳ್ಳ ಇವನು, ನೋಡ್ಕೊಳ್ಳಿ ಎಲ್ಲಾರೂ!" ಎಂದು ಎಲ್ಲರೆದುರಿಗೂ ಕೂಗಿದ.

ನಿಕಾನೋರ್ ಕೈ ತೊಳೆದುಕೊಂಡು ಬಂದು, "ಕಳ್ಳನ ಕೈ ದೇವರನ್ನ ಮುಟ್ಟಬಾರದು," ಎಂದಷ್ಟೇ ಹೇಳಿ ತನ್ನ ಕೋಣೆಗೆ ಹೋದ. ಆಮೇಲೆ ಡೋಲು ಮುಟ್ಟಲೇ ಇಲ್ಲ. ಎರಡು ವಾರದಲ್ಲಿ ಎವರಿಸ್ತೊ ಇಟ್ಟಿಗೆ ತರಿಸಿ ಮನೆಯ ನಡುವೆ, ಹಿತ್ತಲ ನಡುವೆ ಗೋಡೆ ಎಬ್ಬಿಸಿದ.

ಈಗ ಆ ತಮ್ಮ ಮುಂದಿನ ಕೋಣೆಯಲ್ಲಿ ಮಲಗಿದ್ದ. ಮಾತೆಲ್ಲ ಹೋಗಿ ಅವನ ನಾಲಿಗೆಯಲ್ಲಿ ಒಂದೇ ಒಂದು ಪದ ಉಳಿದಿತ್ತು. "ಕತ್ತೆ."

ಹಸಿವಾದರೆ "ಕತ್ತೆ", ಮಗ್ಗುಲು ಬದಲಿಸಬೇಕಾದರೆ "ಕತ್ತೆ." ಮಿರೆಲಿಸ್ ಬಂದು ಕೆನ್ನೆ ಸವರಿದರೆ ಮೆಲ್ಲಗೆ, ನಗುತ್ತ, "ಕತ್ತೆ."

"ಚಿಕ್ಕಪ್ಪ, ಬೇರೆ ಏನೂ ಸಿಗಲಿಲ್ವಾ ನಿನಗೆ? ಇಡೀ ಭಾಷೇಲಿ ಇದನ್ನೇ ಉಳಿಸ್ಕೊಂಡೆಯಲ್ಲ," ಎಂದು ಅವಳೂ ನಕ್ಕಳು.

ಎವರಿಸ್ತೊ ಆ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಗೆ ಹೋಗಬೇಕಾದರೆ ಮಂಚದ ಪಕ್ಕದಲ್ಲೇ ದಾಟಬೇಕು. ಟೋಪಿ ಕಣ್ಣಿಗೆಳೆದುಕೊಂಡು ದಾಟುತ್ತಿದ್ದ. ಹಿಂದಿನಿಂದ "ಕತ್ತೆ" ಎಂದು ಕೇಳುತ್ತಿತ್ತು. ಅದು ಬೈಗುಳವೋ ಕರೆಯೋ ತಿಳಿಯದೆ ಪಡಿತರದ ಬ್ರೆಡ್ಡಿನ ಸಾಲಿನಲ್ಲಿ ಹೋಗಿ ನಿಲ್ಲುತ್ತಿದ್ದ.

ಹೀಗೇ ಎರಡು ವಾರ ಕಳೆಯಿತು. ಮನೆಯಲ್ಲಿ ಸೋಪಿರಲಿಲ್ಲ. ಒತಿಲಿಯ ಬೂದಿ ನೀರಿನಲ್ಲಿ ಮೈದುನನ ಹಾಸಿಗೆ ಬಟ್ಟೆ ಒಗೆದೊಗೆದು ಬೆರಳ ಸಂದು ಒಡೆದುಕೊಂಡಿದ್ದಳು. ಒಂದು ಸಂಜೆ ಅನ್ನ, ಒಂದು ಮೊಟ್ಟೆಯನ್ನು ನಾಲ್ಕು ಪಾಲು ಮಾಡಿದ ಆಮ್ಲೆಟ್ಟು ಮುಂದಿಟ್ಟುಕೊಂಡು ಕೂತಿದ್ದಾಗ ರೈನೇರಿಯೊ ಬಾಯಿಬಿಟ್ಟ. ಈಗ ಮನೆಯಲ್ಲಿ ನಡುವಿನ ಡೋಲು ಬಾರಿಸುತ್ತಿದ್ದವನು ಅವನೇ.

"ಅಪ್ಪ, ಚಿಕ್ಕಪ್ಪ ಏನಾದ್ರೂ ಹೋದ್ರೆ, ಆ ಏಳು ಸುತ್ತಿನ ಬಡಿತ ಬಾರಿಸ್ಬೇಕಲ್ಲ. ಉತ್ತರ ಯಾರು ಕೊಡೋದು?"

ಒತಿಲಿಯ ಸೌಟಿನಿಂದ ಮೇಜು ಕುಟ್ಟಿದಳು. "ಇನ್ನೂ ಉಸಿರಾಡ್ತಿದಾನೆ ಕಣೋ! ಆ ಕೋಣೆಗೆ ಕೇಳುತ್ತೆ."

"ಕೇಳ್ಲಿ ಬಿಡಮ್ಮ. ಅವನಿಗೂ ಗೊತ್ತಿರೋದೇ ತಾನೇ?"

ಎವರಿಸ್ತೊನ ಕೈಯಲ್ಲಿ ತುತ್ತು ನಿಂತಿತು. ತಾನು ಎಷ್ಟೋ ಸಲ ಆ ಉತ್ತರಗಳನ್ನು ಪಕ್ಕದಲ್ಲೇ ಕೂತು ಕೇಳಿದ್ದ. ಆದರೆ ತಾಯಿ ಡೋಲು ಮಡಿಲಲ್ಲಿದ್ದಾಗ ಕಿವಿಗೆ ಕೇಳುವುದು ತನ್ನ ಕೈ ಮಾತ್ರ. ನೆನಪಿಸಿಕೊಳ್ಳಲು ನೋಡಿದ. ಕರೆಗಳು ಸಾಲಾಗಿ ಬಂದವು. ಅವುಗಳ ನಡುವೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕುರ್ಚಿ ಎಳೆದುಕೊಂಡು ತಮ್ಮನ ಮಂಚದ ಪಕ್ಕ ಕೂತ. ಹನ್ನೊಂದು ವರ್ಷದ ಮೇಲೆ ಅವನ ಬಾಯಿಂದ ಹೊರಟ ಮೊದಲ ಮಾತು ಇದು:

"ಒಂದನೇ ಕರೆ ಬಾರಿಸ್ತೀನಿ. ಎಡಗೈ ಆಡುತ್ತಲ್ಲ, ಉತ್ತರ ಕೊಡು."

ಮಂಚದ ಮರದ ಮೇಲೆ ಬಾರಿಸಿದ. ನಿಕಾನೋರ್ ಅಣ್ಣನ ಮುಖವನ್ನು ಒಂದಷ್ಟು ಹೊತ್ತು ನೋಡಿ, "ಕತ್ತೆ," ಎಂದು ಗೋಡೆಗೆ ಮುಖ ತಿರುಗಿಸಿದ.

ಐದು ದಿನ ಹೀಗೇ ಆಯಿತು. ಎವರಿಸ್ತೊ ಬಾರಿಸುವುದು, ನಿಕಾನೋರ್ ಗೋಡೆ ನೋಡುವುದು. ಆರನೇ ದಿನ ಎವರಿಸ್ತೊ ಅಡುಗೆಮನೆಗೆ ಬಂದು ರೇಗಿದ.

"ಹಟಮಾರಿ. ಬೇಕೂಂತ್ಲೇ ಕೊಡ್ತಿಲ್ಲ. ಸಾಯೋವಾಗ್ಲೂ ಸೇಡು."

ಒತಿಲಿಯ ಕೆಸುವಿನ ಗೆಡ್ಡೆ ಹಿಸುಕಿ ಮೈದುನನಿಗೆ ಗಂಜಿ ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ಅವನ ಹತ್ರ ಏನು ಕೇಳ್ದೆ?"

"ಉತ್ತರ."

"ಅವನ ಸಾವಿಗೆ ಬಾರಿಸೋ ಬಡಿತವನ್ನ ಅವನ ಕೈಯಲ್ಲೇ ಹೇಳಿಸ್ಕೋತಿದೀಯ. ಹೇಗಿದೀಯ ಅಂತ ಕೇಳ್ದೆಯಾ? ತಪ್ಪಾಯ್ತು ಅಂದೆಯಾ?"

"ತಪ್ಪು ಮಾಡಿದೋನು ಅವನು."

"ಸರಿ ಬಿಡು. ನಿನಗೊಂದು ಹೇಳ್ಲಾ? ಭಾನುವಾರ ಭಾನುವಾರ ಅವನು ಆ ಗೋಡೆ ತಟ್ಟುತ್ತಿದ್ದ. ಆ ಪಕ್ಕ ಕೂತ್ಕೊಂಡು, ಮೊದಲಿಂದ ಕೊನೇವರೆಗೆ, ಏಳಕ್ಕೆ ಏಳೂ. ಯಾಕೆ ಅಂದ್ಕೊಂಡೆ? ನೀನು ಬೇಸ್‌ಬಾಲ್ ಆಟದ ರೇಡಿಯೊ ಜೋರು ಮಾಡ್ತಿದ್ದೆ."

ಆ ತಟ್ಟುವಿಕೆ ಎವರಿಸ್ತೊನಿಗೂ ಕೇಳಿತ್ತು. ಕೆಣಕಲು ತಟ್ಟುತ್ತಾನೆ ಎಂದುಕೊಂಡು ಗುಂಡಿ ತಿರುಗಿಸುತ್ತಿದ್ದದ್ದು ಕೈಗೆ ಚೆನ್ನಾಗಿ ನೆನಪಿತ್ತು.

"ನೀನು ಕೇಳಿದೀಯಲ್ಲ," ಎಂದ ತಡವರಿಸುತ್ತ. "ಇಷ್ಟು ವರ್ಷ ಕೇಳಿದೀಯ. ಏನಾದ್ರೂ ನೆನಪಿದೆಯಾ?"

"ನಾನು ಅಕ್ಕಿ ಆರಿಸ್ತಿದ್ದೆ. ಹೆಂಗಸರಿಗೆ ಅದರ ಉಸಾಬರಿ ಯಾಕೆ ಅಂತ ಅಂದೋನು ನೀನೇ. ಮಿರೆಲಿಸ್ ಚಿಕ್ಕೋಳಿದ್ದಾಗ ಮೇಜು ಬಡಿದ್ರೆ ಕೈ ಮೇಲೆ ಹೊಡೀತಿದ್ದೆ. ಈಗ ನಮ್ಮ ಹತ್ರ ಬಂದು ಕೇಳ್ತೀಯಾ?" ಗಂಜಿಯ ಬಟ್ಟಲನ್ನು ಗಂಡನ ಕೈಗಿಟ್ಟಳು. "ತಗೊ. ಬಡಿತ ಬೇಕಾದ್ರೆ ಗಂಜಿ ಕುಡಿಸು. ಹಾಸಿಗೆ ಬಟ್ಟೆ ಒಗಿ. ನನ್ನ ಕೈ ಸೀಳಿ ಹೋಗಿದೆ."

ಅಂದಿನಿಂದ ಎವರಿಸ್ತೊ ಗಂಜಿ ಕುಡಿಸಿದ. ಮೊದಲ ದಿನ ಅರ್ಧಕ್ಕರ್ಧ ತಮ್ಮನ ಕತ್ತಿನ ಮೇಲೇ ಹೋಯಿತು. ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಹಿತ್ತಲಲ್ಲಿ ಬಟ್ಟೆ ಒಗೆದ. ಪಕ್ಕದ ಮನೆಯವರು ನೋಡಿ, "ಗುರುಗಳೇ, ದೇವರ ಕೈಗೆ ಈಗ ಒಗೆಯೋ ಕೆಲಸವಾ?" ಎಂದು ಕೇಳಿದರೆ, "ಬಾ, ನಿನ್ನ ಚಡ್ಡೀನೂ ಕೊಡು," ಎಂದ.

ಒಂದು ಬೆಳಿಗ್ಗೆ ತಮ್ಮನ ಗಡ್ಡ ಹೆರೆಯಲು ಕೂತ. ಕೆನ್ನೆ ಮುಗಿಸಿ ಗಂಟಲಿಗೆ ಕತ್ತಿ ಇಟ್ಟಾಗ ನಿಕಾನೋರ್ ಮುಖ ತಿರುಗಿಸುವಂತಿರಲಿಲ್ಲ. ಬೇರೆ ಯಾವ ಹೊತ್ತಿನಲ್ಲೂ ಬಾರದ ಮಾತು ಎವರಿಸ್ತೊಗೆ ಆಗ ಬಂತು.

"ಆವತ್ತು... ಎಲ್ಲಾರ ಮುಂದೆ ಹಾಗೆ ಅನ್ನಬಾರದಿತ್ತು ನಾನು. ನೀನು ಕಳ್ಳ ಅಲ್ಲ. ಅದು ಆವತ್ತೇ ಗೊತ್ತಿತ್ತು ನನಗೆ. ಆಮೇಲೆ ಹೇಳೋಣ ಹೇಳೋಣ ಅಂತ ಇಷ್ಟು ವರ್ಷ ಆಯ್ತು."

ನಿಕಾನೋರನ ಗಂಟಲು ಕತ್ತಿಯ ಕೆಳಗೆ ಒಮ್ಮೆ ಏರಿ ಇಳಿಯಿತು. "ಕತ್ತೆ," ಎಂದ, ಬಹಳ ಮೆತ್ತಗೆ.

"ಹೌದು," ಎಂದ ಎವರಿಸ್ತೊ. "ಕತ್ತೆನೇ."

ಆ ಸಂಜೆ ಕರೆಯನ್ನು ಕೇಳದೆಯೇ ನಿಕಾನೋರನ ಎಡಗೈ ಮಂಚದ ಅಂಚಿನ ಮೇಲೆ ಆಡಿತು. ಡೋಲಿನ ದೊಡ್ಡ ಮುಖಕ್ಕೆ ಅಂಗೈ, ಚಿಕ್ಕ ಮುಖಕ್ಕೆ ಎರಡು ಬೆರಳು. ಎವರಿಸ್ತೊ ಓಡಿ ಮಗನನ್ನು ಕರೆತಂದ. ರೈನೇರಿಯೊ ಬಾರಿಸಿ ತೋರಿಸಿದ. ತಪ್ಪಾದರೆ "ಕತ್ತೆ!" ಎಂದು ಸೂರು ಹಾರಿಹೋಗುವಂತೆ ಕೇಳುತ್ತಿತ್ತು. ಸರಿಯಾದರೆ ಅದೇ ಪದ ನಗುತ್ತ ಬರುತ್ತಿತ್ತು. ಒಂದನೇ ಉತ್ತರ ಕೈಗೆ ಕೂರಲು ಮೂರು ದಿನ ಬೇಕಾಯಿತು. ಎರಡನೆಯದಕ್ಕೂ ಅಷ್ಟೇ. ನಿಕಾನೋರ್ ಬೇಗ ದಣಿಯುತ್ತಿದ್ದ. ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಬೇಡ ಎಂದು ಮಿರೆಲಿಸ್ ಗಡಿಯಾರ ಹಿಡಿದು ನಿಲ್ಲುತ್ತಿದ್ದಳು.

ಆ ದಿನಗಳಲ್ಲಿ ಮನೆಯಲ್ಲಿ ಊಟಕ್ಕೆ ಹೊಸ ರುಚಿ ಬಂದಂತಿತ್ತು, ಇದ್ದದ್ದು ಅದೇ ಬಟಾಣಿಯಾದರೂ. ಮೇಜನ್ನು ಮುಂದಿನ ಕೋಣೆಗೇ ಎಳೆದು ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರು. ಹಳೆಯ ಜಗಳಗಳನ್ನು ನೆನೆಸಿಕೊಂಡು ನಗುವ ಧೈರ್ಯವೂ ಬಂದಿತ್ತು. ಆದರೆ ಒಂದು ದಿನ ಒತಿಲಿಯ ಪಾತ್ರೆ ಉಜ್ಜುತ್ತ ಗಂಡನಿಗೆ ಹೇಳಿದಳು:

"ಬೈದಿದ್ದು ಅಂಗಳದಲ್ಲಿ. ತಪ್ಪಾಯ್ತು ಅಂದಿದ್ದು ಕೋಣೇಲಿ."

"ಅಂಗಳದಲ್ಲೂ ಹೇಳ್ತೀನಿ. ಮುಂದಿನ ಹಬ್ಬಕ್ಕೆ ಎಲ್ಲಾರೂ ಸೇರ್ತಾರಲ್ಲ, ಅವನನ್ನ ಕುರ್ಚೀಲಿ ಕೂರಿಸ್ಕೊಂಡೇ ಹೇಳ್ತೀನಿ."

ನಾಲ್ಕನೇ ಉತ್ತರ ಮುಗಿಯುವ ಹೊತ್ತಿಗೆ ಹೊವೆಯಾನೊಸ್ ಊರಿನಿಂದ ಹೇಳಿಕಳಿಸಿದರು. ಅಲ್ಲಿನ ಹೆಂಗಸೊಬ್ಬಳು ಯೆಮಾಯಾ ದೇವಿಗೆ ನಡೆದುಕೊಳ್ಳಲು ದೀಕ್ಷೆ ಪಡೆದಿದ್ದಳು. ಅವಳನ್ನು ಡೋಲಿನ ಮುಂದೆ ನಿಲ್ಲಿಸಬೇಕು. ಎವರಿಸ್ತೊ ಆರು ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದ.

"ಬೇರೆ ಡೋಲಿನೋರು ಇಲ್ವಾ ಅಪ್ಪ?" ಎಂದಳು ಮಿರೆಲಿಸ್. "ನಿನ್ನೆಯಿಂದ ಚಿಕ್ಕಪ್ಪನ ರಕ್ತದೊತ್ತಡ ಸರಿ ಇಲ್ಲ."

"ದೇವರಿಗೆ ಕೊಟ್ಟ ಮಾತು. ಎರಡೇ ದಿನ."

"ನಿನ್ನ ಕೈಯಿಲ್ದೆ ಯೆಮಾಯಾ ಬರೋದೇ ಇಲ್ವಾ? ಸಮುದ್ರದೋಳು ಅವಳು, ದಾರಿ ಗೊತ್ತಿದೆ ಅವಳಿಗೆ," ಎಂದಳು ಒತಿಲಿಯ.

ಎವರಿಸ್ತೊ ಕೇಳಲಿಲ್ಲ. ಹೊಗಳಿಸಿಕೊಳ್ಳುವ ಆಸೆ ಅವನಿಗೆ ಎಪ್ಪತ್ತನಾಲ್ಕರಲ್ಲೂ ಹೋಗಿರಲಿಲ್ಲ. ಗುರುವಾರ ಬೆಳಿಗ್ಗೆ ಲಾರಿ ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯಿತು. ರೈನೇರಿಯೊ ಡೋಲುಗಳನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡ. ಎವರಿಸ್ತೊ ಮಂಚದ ಬಳಿ ಬಗ್ಗಿ, "ಶನಿವಾರ ಬರ್ತೀನಿ," ಎಂದ. ನಿಕಾನೋರ್ ಎಡಗೈಯಿಂದ ಅವನ ಮಣಿಕಟ್ಟು ಹಿಡಿದ. ಹಿಡಿದು ಬಿಟ್ಟು, ಅದೇ ಮಣಿಕಟ್ಟಿನ ಮೇಲೆ ಬೆರಳಿಂದ ತಟ್ಟತೊಡಗಿದ. ಎರಡು ಬೆರಳು, ಒಂದು ಅಂಗೈ... ಹಾರ್ನ್ ಮತ್ತೆ ಕೂಗಿತು.

"ಬಂದ ಮೇಲೆ, ಬಂದ ಮೇಲೆ," ಎಂದು ಎವರಿಸ್ತೊ ಕೈ ಬಿಡಿಸಿಕೊಂಡ.

ಲಾರಿಯ ಹಿಂದೆ ಕೂತು ಊರಾಚೆಯ ಹೊಳೆಯ ಸೇತುವೆ ದಾಟುವಾಗ ಅವನಿಗೆ ಹೊಳೆಯಿತು, ಅದು ಐದನೆಯದು. ಅವನು ಕೇಳಿಸಿಕೊಂಡದ್ದು ಮೊದಲ ಮೂರು ಪೆಟ್ಟು.

ಹೊವೆಯಾನೊಸ್‌ನಲ್ಲಿ ಅವನು ಬಾರಿಸಿದ್ದನ್ನು ಜನ ವರ್ಷಗಟ್ಟಲೆ ನೆನೆದರು. ಶನಿವಾರ ಮಧ್ಯಾಹ್ನ, ಬಾಳೆಲೆಯಲ್ಲಿ ಸುತ್ತಿದ ಹಂದಿಯ ತೊಡೆ ಹಿಡಿದು ನಗುನಗುತ್ತ ಬೀದಿಗೆ ಇಳಿದಾಗ, ಮಿರೆಲಿಸ್ ಬಾಗಿಲಲ್ಲಿ ನಿಂತಿದ್ದಳು.

"ನಿನ್ನೆ ಮತ್ತೆ ಲಕ್ವ ಹೊಡೀತು," ಎಂದಳು. "ಈಗ ಎಡಗೈನೂ ಇಲ್ಲ."

"ಆಸ್ಪತ್ರೆಗೆ—"

"ತೋರಿಸಿದ್ವಿ. ಇನ್ನು ಮಾಡೋದೇನೂ ಇಲ್ಲ ಅಂದ್ರು."

ನಿಕಾನೋರನ ಕಣ್ಣು ಅರ್ಧ ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಎವರಿಸ್ತೊ ಮಂಚದ ಮರದ ಮೇಲೆ ಐದನೇ ಕರೆಯನ್ನು ಬಾರಿಸಿದ. ಕಾದ. ಮತ್ತೆ ಬಾರಿಸಿದ. ತಮ್ಮನ ಎಡಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಮತ್ತೆ ಕಾದ. ಹಂದಿಯ ತೊಡೆ ಅಡುಗೆಮನೆಯಲ್ಲಿ ಇಟ್ಟಲ್ಲೇ ಇತ್ತು. ಕೆಡುತ್ತದೆಂದು ಒತಿಲಿಯ ಅದನ್ನು ಉಪ್ಪು ಹಾಕಿ ಬೇಯಿಸಿದಳು. ಯಾರಿಗೂ ಒಳಗಿಳಿಯಲಿಲ್ಲ.

"ನಾನು ಬೇಡ ಅಂದೆ," ಎಂದಳು ಮಿರೆಲಿಸ್, ಊಟದ ಮೇಜಿನಲ್ಲಿ, ಅಳದೆ. "ಆ ಕ್ಯಾಸೆಟ್ಟನ್ನ ಸುಡದೇ ಇದ್ದಿದ್ರೆ ಇವತ್ತು ಏಳೂ ಇರ್ತಿದ್ವು. ಉಳಿಸ್ಬೇಕು ಉಳಿಸ್ಬೇಕು ಅಂತ ನೀನು ಬಡಕೊಂಡೆ. ಏನು ಉಳಿಸ್ದೆ?"

"ಅಪ್ಪನಿಗೆ ಹೀಗೆ ಮಾತಾಡ್ಬೇಡ," ಎಂದ ರೈನೇರಿಯೊ.

"ಬಿಡು, ಮಾತಾಡ್ಲಿ," ಎಂದ ಎವರಿಸ್ತೊ. "ಸರಿಯಾಗೇ ಹೇಳ್ತಿದಾಳೆ."

ಮುಂದಿನ ಗುರುವಾರ ಬೆಳಿಗ್ಗೆ, ಎವರಿಸ್ತೊ ಬ್ರೆಡ್ಡಿನ ಸಾಲಿನಲ್ಲಿದ್ದಾಗ, ನಿಕಾನೋರ್ ತೀರಿಕೊಂಡ. ಐದು ಜನರ ಪಾಲಿನ ಐದು ಬ್ರೆಡ್ಡು ಹಿಡಿದು ಬಂದ ಎವರಿಸ್ತೊಗೆ ಅವನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಒತಿಲಿಯ ಬಂದು ಚೀಲ ತೆಗೆದುಕೊಂಡಳು.

ಶುಕ್ರವಾರ ಮಧ್ಯಾಹ್ನ ಮಣ್ಣು. ಅದಕ್ಕೆ ಮುಂಚೆ ಬಡಿತ. ಬೆಳಿಗ್ಗೆ ರೈನೇರಿಯೊ ಅಪ್ಪನನ್ನು ಹಿಂದಿನ ಕೋಣೆಗೆ ಕರೆದ.

"ಅಪ್ಪ, ಐದು ಆರು ಏಳಕ್ಕೆ ನಾನೇ ಒಂದೊಂದು ಕಟ್ಟಿದೀನಿ. ಮೊದಲ ನಾಲ್ಕರ ಚಾಲಿನಲ್ಲೇ ಇವೆ. ಕೇಳು."

ಮೊಣಕಾಲಿನ ಮೇಲೆ ಬಾರಿಸಿ ತೋರಿಸಿದ. ಎವರಿಸ್ತೊ ಕಣ್ಣು ಮುಚ್ಚಿ ಕೇಳಿದ. ಚೆನ್ನಾಗಿತ್ತು. ಸುಮಾರಾಗಿದ್ದರೆ ಬೇಡವೆನ್ನುವುದು ಸುಲಭವಾಗುತ್ತಿತ್ತು. ಕರೆಗೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಊರಲ್ಲಿ ಒಬ್ಬನಿಗೂ ಗೊತ್ತಾಗುವಂತಿರಲಿಲ್ಲ.

"ನೂರು ವರ್ಷ ಆದ್ಮೇಲೆ ಇದೂ ಹಳೇದೇ ಆಗುತ್ತೆ," ಎಂದ ಮಗ. ಬಾಗಿಲಾಚೆ ನಿಂತಿದ್ದ ಮಿರೆಲಿಸ್, "ಮುತ್ತಜ್ಜನೂ ಒಂದಿನ ಕಟ್ಟಿದ್ದೇ ಅಲ್ವಾ ಅಪ್ಪ?" ಎಂದಳು.

"ಕಟ್ಟಿದೋನು, ಇದು ನಾನು ಕಟ್ಟಿದ್ದು ಅಂದ. ನಾವು ಕಟ್ಟಿ ನಿಕಾನೋರಂದು ಅಂತೀವಿ." ಎವರಿಸ್ತೊ ಮಗನ ಭುಜ ಮುಟ್ಟಿದ. "ನಿನ್ನದು ಚೆನ್ನಾಗಿದೆ. ನಿನ್ನ ಹೆಸರಲ್ಲೇ ಬೇರೆ ಎಲ್ಲಾದ್ರೂ ಬಾರ್ಸು. ಇಲ್ಲಿ ಬೇಡ."

"ಮತ್ತೆ ಆ ಮೂರು ಸುತ್ತಲ್ಲಿ ನಾನೇನು ಮಾಡ್ಲಿ?"

"ಕೈನ ಚರ್ಮದ ಮೇಲಿಟ್ಟು ಸುಮ್ನೆ ಕೂತಿರು. ಉತ್ತರ ಎಷ್ಟು ಹೊತ್ತೋ ಅಷ್ಟು ಹೊತ್ತು. ಚಿಕ್ಕ ಡೋಲು ತಾಳ ಬಿಡೋದು ಬೇಡ."

ಅಂಗಳದಲ್ಲಿ ಊರಿನ ಡೋಲಿನವರೆಲ್ಲ ಸೇರಿದ್ದರು. ಹನ್ನೊಂದು ವರ್ಷದ ಹಿಂದೆ ಹಬ್ಬದ ಊಟಕ್ಕೆ ಕೂತಿದ್ದವರೇ ಬಹಳ ಜನ, ಕೆಲವರು ಈಗ ಕೋಲೂರಿಕೊಂಡು ಬಂದಿದ್ದರು. ನಿಕಾನೋರನ ಶವಪೆಟ್ಟಿಗೆಯನ್ನು ಗೋಡೆಯ ನೆರಳಿನಲ್ಲಿ ಇಟ್ಟಿದ್ದರು. ಎವರಿಸ್ತೊ ಡೋಲಿನ ಮುಂದೆ ಕೂರುವ ಬದಲು ಎದ್ದು ನಿಂತ. ಟೋಪಿ ತೆಗೆದ.

"ಈ ಅಂಗಳದಲ್ಲಿ ನಿಮ್ಮೆಲ್ಲರ ಮುಂದೆ ನನ್ನ ತಮ್ಮನನ್ನ ಕಳ್ಳ ಅಂದಿದ್ದೆ," ಎಂದ. "ಅವನು ಕಳ್ಳ ಅಲ್ಲ. ಇದು ಸಾಯಬಾರದು ಅಂತ ಅವನು ನೋಡ್ದ, ನಾನು ಸುಟ್ಟೆ. ಆಮೇಲೆ ಗೋಡೆ ಕಟ್ಟಿದೆ. ಅವನು ಕೂತು ಕೇಳೋವಾಗ ಇದನ್ನ ಹೇಳ್ಬೇಕು ಅಂತಿದ್ದೆ. ಹೇಳೋಕೆ ಆಗ್ಲಿಲ್ಲ. ಅವನು ಹೋದ ಮೇಲೆ ಹೇಳ್ತಿದೀನಿ."

ಒಬ್ಬ ಮುದುಕ, "ಕೂತ್ಕೊ ಎವರಿಸ್ತೊ, ಬಾರ್ಸು," ಎಂದ.

ನಾಲ್ಕು ಸುತ್ತು ತಾಯಿ ಕರೆದಳು, ನಡುವಿನದು ಉತ್ತರ ಕೊಟ್ಟಿತು. ಐದನೇ ಕರೆ ಮುಗಿದಾಗ ರೈನೇರಿಯೊ ಅಂಗೈಗಳನ್ನು ಚರ್ಮಕ್ಕೆ ಒತ್ತಿಕೊಂಡು ತಲೆ ತಗ್ಗಿಸಿದ. ಚಿಕ್ಕ ಡೋಲು ಒಂಟಿಯಾಗಿ ಟಕ್ಕು ಟಕ್ಕು ಎನ್ನುತ್ತಿತ್ತು. ಆ ಜಾಗ ಎವರಿಸ್ತೊ ಎಣಿಸಿದ್ದಕ್ಕಿಂತ ಉದ್ದವಾಗಿತ್ತು. ಅದನ್ನು ದಾಟುವುದು ಹೇಗೆಂದು ಅವನ ಕೈಗೆ ಅಭ್ಯಾಸವಿರಲಿಲ್ಲ. ಆರನೆಯದರಲ್ಲಿ ಹೆಂಗಸರ ಕಡೆಯಿಂದ ಯಾರೋ ಬಿಕ್ಕಿದರು. ಏಳನೆಯದು ಮುಗಿದ ಮೇಲೆ ಪೆಟ್ಟಿಗೆ ಎತ್ತಿದರು.

ಮುಂದಿನ ವರ್ಷ ಬೇಸಿಗೆಯಲ್ಲಿ ಮನೆಗೆ ಬಹಳ ವರ್ಷ ಚಿಕ್ಕ ಡೋಲು ಬಾರಿಸಿದ್ದ ಮುದುಕನೊಬ್ಬ ಸತ್ತ. ಬಡಿತವನ್ನು ಮತ್ತೆ ಬಾರಿಸಬೇಕಾಯಿತು. ಆ ದಿನ ಹವಾನಾದಿಂದ ದಾಗೊಬೆರ್ತೊ ಎಂಬ ಹೆಸರುವಾಸಿ ಡೋಲಿನವನು ಬಂದಿದ್ದ. ಎಲ್ಲ ಮುಗಿದು, ಒತಿಲಿಯ ಹುರಿದ ಬಟಾಣಿ ಬೆರೆಸಿದ ಕಾಫಿ ಹಂಚುತ್ತಿದ್ದಾಗ, ಅವನು ಕಣ್ಣೊರೆಸಿಕೊಳ್ಳುತ್ತ ಎವರಿಸ್ತೊನ ಪಕ್ಕ ಬಂದು ಕೂತ.

"ಗುರುಗಳೇ, ಕೊನೇ ಮೂರು ಸುತ್ತಲ್ಲಿ ನಡುವಿನ ಡೋಲು ಸುಮ್ಮನಾಗುತ್ತಲ್ಲ, ಅಂಥದ್ದನ್ನ ನಾನು ಎಲ್ಲೂ ಕೇಳಿಲ್ಲ. ಮೈ ಜುಂ ಅಂತು. ಸತ್ತೋರು ದಾಟೋಕೆ ಬಾಗಿಲು ತೆಗೆದಿಟ್ಟ ಹಾಗೆ. ಅದು ಆಫ್ರಿಕದಿಂದಲೇ ಬಂದದ್ದಲ್ವಾ? ನಮ್ಮ ಕಡೆ ಕಳೆದುಹೋಗಿದ್ದನ್ನ ನೀವು ಉಳಿಸ್ಕೊಂಡಿದೀರಿ."

ರೈನೇರಿಯೊ ಅಪ್ಪನ ಮುಖ ನೋಡಿದ. ಸುತ್ತ ಕೂತಿದ್ದ ಇಬ್ಬರು ಮೂವರು ಕಿರಿಯ ಡೋಲಿನವರೂ ಆಗಲೇ ತಲೆಯಾಡಿಸುತ್ತಿದ್ದರು. ಅವರು ಆ ಬಡಿತವನ್ನು ಕೇಳಿದ್ದೇ ಹಾಗೆ. ಒಂದು "ಹೌದು" ಸಾಕಾಗಿತ್ತು.

ಎವರಿಸ್ತೊ ಕಾಫಿಯ ಲೋಟ ಕೆಳಗಿಟ್ಟ.

"ಅಲ್ಲಪ್ಪ," ಎಂದ. "ಅದು ಆಫ್ರಿಕದ್ದಲ್ಲ. ಮುತ್ತಜ್ಜನದ್ದೂ ಅಲ್ಲ. ಅಲ್ಲಿ ನನ್ನ ತಮ್ಮ ನಿಕಾನೋರ್ ಉತ್ತರ ಕೊಡ್ತಿದ್ದ. ಅದನ್ನ ಇಲ್ಲವಾಗಿಸಿದ್ದು ನಾನು. ನಿಮ್ಮೂರಲ್ಲಿ ಹೇಳೋ ಹಾಗಿದ್ರೆ ಇಷ್ಟನ್ನೂ ಸೇರಿಸಿ ಹೇಳು."